ಕೋಡಿಯ ಕೆಳಗಿನ ಊರುಗಳು

ಮಾರಿಕಣಿವೆಯ ಕಟ್ಟೆಯ ಮೇಲೆ ನಿಂತವರೆಲ್ಲ ನೀರಿನ ಕಡೆಗೇ ಮುಖ ಮಾಡುತ್ತಾರೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಕಲ್ಲು ಗಾರೆಯ ಗೋಡೆ, ಮೇಲೆ ಮೈಸೂರು ಶೈಲಿಯ ಮಂಟಪ, ಆಚೆ ಕಣ್ಣಿಗೆಟುಕದ ಹಿನ್ನೀರು. ಬಯಲುಸೀಮೆಯ ಮಂದಿಗೆ ಅಷ್ಟು ನೀರನ್ನು ಒಟ್ಟಿಗೆ ನೋಡುವುದೇ ಹಬ್ಬ. ನನಗೆ ಬೇಕಿದ್ದದ್ದು ಕಟ್ಟೆಯ ಕೆಳಬದಿ. ವೇದಾವತಿ ಅಲ್ಲಿಂದ ಹಿರಿಯೂರಿಗೆ ಇಳಿದು, ತೇರುಮಲ್ಲೇಶ್ವರನ ಗುಡಿಯ ಬದಿಯಲ್ಲಿ ಹಾದು, ಚಳ್ಳಕೆರೆ ತಾಲ್ಲೂಕಿನ ಪೂರ್ವದ ಅಂಚು ಹಿಡಿದು, ಪರಶುರಾಂಪುರದ ಸೀಮೆ ದಾಟಿ ಆಂಧ್ರದ ಭೈರವಾನಿತಿಪ್ಪ ಜಲಾಶಯ ಸೇರುತ್ತದೆ. ಈ ಕಟ್ಟೆಯ ನೀರು ಒಂದು ರಾತ್ರಿ ಮೈದುಂಬಿ ಹೊರಟರೆ ಆ ದಾರಿಯ ಊರುಗಳಿಗೆ ಯಾರು ಹೇಳುತ್ತಾರೆ? ಈ ಕಟ್ಟೆಯ ನೀರೇ ಒಂದು ದಿನ ಬಾರದಿದ್ದರೆ ಅದನ್ನು ಕುಡಿಯುವ ಊರುಗಳ ಗತಿಯೇನು? ಈ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಚಳ್ಳಕೆರೆ, ಮೊಳಕಾಲ್ಮುರಿನ ಕಡೆ ಹೊರಟಿದ್ದೆ.

ಮಾರಿಕಣಿವೆಯ ಈ ಕಟ್ಟೆಯ, ಅಂದರೆ ವಾಣಿವಿಲಾಸ ಸಾಗರದ ಕೆಲಸ ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಚಿಕ್ಕವರಿದ್ದಾಗ ರಾಜ್ಯ ನೋಡಿಕೊಂಡ ತಾಯಿ ವಾಣಿವಿಲಾಸ ಸನ್ನಿಧಾನದವರ ಹೆಸರು ಇದಕ್ಕಿದೆ. ಪೂರ್ಣಮಟ್ಟ 130 ಅಡಿ, ಹಿಡಿಯುವ ನೀರು 30 ಟಿಎಂಸಿಗೆ ತುಸು ಮೇಲೆ. ಇಷ್ಟು ದೊಡ್ಡ ಕಟ್ಟೆಯ ಕೋಡಿಗೆ ಗೇಟುಗಳಿಲ್ಲ. ನೀರು 130 ಅಡಿಗೆ ಬಂದರೆ ತಾನಾಗಿಯೇ ಕೋಡಿ ಬೀಳುತ್ತದೆ. ಎಷ್ಟು ಬಿಡಬೇಕು, ಯಾವಾಗ ಬಿಡಬೇಕು ಎಂದು ತೀರ್ಮಾನಿಸುವ ಮನುಷ್ಯ ಅಲ್ಲಿಲ್ಲ. ಮುರಿಯುವ ಗೇಟು ಇಲ್ಲದಿರುವುದು ಒಂದು ನೆಮ್ಮದಿ. ಆದರೆ ಮೊದಲೇ ಸ್ವಲ್ಪ ಸ್ವಲ್ಪವಾಗಿ ನೀರು ಹೊರಬಿಟ್ಟು ಪ್ರವಾಹದ ಪೆಟ್ಟು ತಗ್ಗಿಸುವ ಅನುಕೂಲವೂ ಅಷ್ಟರಮಟ್ಟಿಗೆ ಇಲ್ಲ. ಇಲ್ಲಿ ಎಚ್ಚರಿಕೆ ಎಂಬುದು ಮೇಲಿನ ಮಳೆಯನ್ನು ಓದುವವರಿಂದಲೇ ಬರಬೇಕು. ಬಾಬಾಬುಡನ್ ಬೆಟ್ಟಸಾಲಿನಿಂದ ವೇದಾ, ಅವತಿ ಎಂಬ ಎರಡು ಹೊಳೆಗಳು ಇಳಿದು ಕಡೂರಿನ ಬಳಿ ಕೂಡುತ್ತವೆ. ಸಖರಾಯಪಟ್ಟಣದ ಅಯ್ಯನಕೆರೆ ಒಂದರ ದಾರಿಯಲ್ಲಿ, ಮದಗದ ಕೆರೆ ಇನ್ನೊಂದರ ದಾರಿಯಲ್ಲಿ. ಆ ಕೆರೆಗಳು ಕೋಡಿ ಬಿದ್ದವೆಂದರೆ ಹಿರಿಯೂರಿನವರು ಕಿವಿ ನಿಮಿರಿಸಬೇಕು. ಹಾಗೆ ನೋಡಿದರೆ ಈ ನದಿ ತನ್ನ ಸುದ್ದಿಯನ್ನು ತಾನೇ ಮುಂದಾಗಿ ಕಳಿಸುತ್ತದೆ.

ಈ ಸುದ್ದಿಗೆ ಕಿವಿಗೊಡುವ ಅಭ್ಯಾಸ ಈ ನೆಲಕ್ಕೆ ತಪ್ಪಿಹೋಗಿತ್ತು, ಅದಕ್ಕೆ ಕಾರಣವೂ ಇದೆ. ಕಟ್ಟೆ 1933ರಲ್ಲಿ ತುಂಬಿ ಹರಿದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಮೂರು ತಲೆಮಾರು ಹುಟ್ಟಿ ಬೆಳೆದು ಈ ನದಿಯನ್ನು ಮರಳಿನ ದಾರಿಯೆಂದೇ ತಿಳಿದರು. ಕುರಿ ಕಾಯುವವರು ಅದರಲ್ಲೇ ಅಡ್ಡ ಹಾಯ್ದರು, ಮರಳಿನ ಲಾರಿಗಳು ಇಳಿದವು, ಪಾತ್ರದ ತುಂಬ ಬಳ್ಳಾರಿ ಜಾಲಿ ಎದ್ದಿತು, ದಡದ ಹೊಲಗಳು ವರ್ಷಕ್ಕೆ ಇಷ್ಟಿಷ್ಟು ಒಳಗೆ ಸರಿದವು. ಯಾರನ್ನೂ ದೂರಲಾಗದು. ನೀರು ಬಾರದ ಹೊಳೆಯನ್ನು ಎಷ್ಟು ವರ್ಷ ಹೊಳೆ ಎಂದು ಗೌರವಿಸಲಾದೀತು?

ಆದರೆ ಲೆಕ್ಕ ಈಗ ಬದಲಾಗಿದೆ. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ಹಾದು ಈ ಕಟ್ಟೆಗೆ ಬರುತ್ತಿದೆ. ಮೊದಲು ಮಳೆಗಾಲದ ಹೊತ್ತಿಗೆ ಕಟ್ಟೆ ಬಹುಪಾಲು ಖಾಲಿ ಇರುತ್ತಿತ್ತು. ಎಂಥ ಮಳೆ ಬಂದರೂ ನುಂಗಿಕೊಳ್ಳುವಷ್ಟು ಹೊಟ್ಟೆ ಇತ್ತು. ಈಗ ಮಳೆಗಾಲ ಕಾಲಿಡುವಾಗಲೇ ಅರ್ಧಕ್ಕಿಂತ ಹೆಚ್ಚು ತುಂಬಿರಬಹುದು. 2025ರ ಜನವರಿಯಲ್ಲಿ, ಮಳೆಗಾಲ ಮುಗಿದ ಮೇಲೆ, ಕಟ್ಟೆ ಮತ್ತೆ ಕೋಡಿ ಬಿತ್ತು. 89 ವರ್ಷಕ್ಕೊಮ್ಮೆ ಎಂಬ ಹಳೆಯ ಅಂದಾಜನ್ನು ಇನ್ನು ಯಾರೂ ನಂಬಿಕೊಂಡು ಕೂರಬಾರದು. ಕಟ್ಟೆ ತುಂಬುವುದು ಸಂಭ್ರಮವೇ, ಬಾಗಿನ ಅರ್ಪಿಸುವುದೂ ಸರಿಯೇ. ಅದೇ ದಿನ ಕೆಳದಂಡೆಯ ಪಂಚಾಯಿತಿಗಳಿಗೆ ಒಂದು ಫೋನೂ ಹೋಗಬೇಕು ಎಂಬುದಷ್ಟೇ ನನ್ನ ಹಟ.

ಪರಶುರಾಂಪುರದ ಕಡೆ ನದಿಗೆ ಇಳಿದಾಗ ನೀರು ಅಲ್ಲಲ್ಲಿ ಮಡುಗಟ್ಟಿ ನಿಂತಿತ್ತು. ಬ್ಯಾರೇಜಿನ ಹಿಂದೆ ಎಮ್ಮೆಗಳು ಕೂತಿದ್ದವು. ಇಲ್ಲಿನವರು ವಾಣಿವಿಲಾಸದಿಂದ ತಮ್ಮ ಪಾಲಿನ ಕಾಲು ಟಿಎಂಸಿಗಾಗಿ ಹೋರಾಡಿದವರು. ಬೇಸಿಗೆಯಲ್ಲಿ ನದಿಗೆ ನೀರು ಬಿಟ್ಟರೆ ಅಂತರ್ಜಲ ಮೇಲೆ ಬರುತ್ತದೆ, ಕೊಳವೆಬಾವಿ ಬದುಕುತ್ತದೆ, ತೆಂಗು ಅಡಿಕೆ ಉಳಿಯುತ್ತದೆ. ದಡದ ತೋಟದಲ್ಲಿ ಮಾತಿಗೆ ಸಿಕ್ಕ ಹಿರಿಯರೊಬ್ಬರನ್ನು ಕೇಳಿದೆ: "ಯಜಮಾನ್ರೇ, ಹೊಳೆ ಬಂದ ವರ್ಷ ನಿಮಗೆ ಮೊದಲು ಯಾರು ಹೇಳಿದ್ರು?"

"ಯಾರ್ ಹೇಳ್ತಾರೆ ಸಾ? ಸದ್ದು ಕೇಳಿಸ್ತು, ಎದ್ದು ಬಂದ್ವಿ. ನೀರ್ ಬಂತಲ್ಲಾ ಅಂತ ಖುಷಿಗೆ ನಿಂತು ನೋಡಿದ್ವಿ. ಪಂಪ್‌ಸೆಟ್ಟು ನೆನಪಾಗಿದ್ದು ಆಮ್ಯಾಕೆ."

ಬರಗಾಲದ ನೆಲದ ಜನ ನೀರು ಬಂದಾಗ ಓಡಿಹೋಗುವುದಿಲ್ಲ, ನೋಡಲು ಓಡಿ ಬರುತ್ತಾರೆ. ಕರಾವಳಿಯ ಹಳ್ಳಿಗೋ ಕೃಷ್ಣಾ ತೀರದ ಹಳ್ಳಿಗೋ ಬರೆದ ತುರ್ತು ಯೋಜನೆಯನ್ನು ಇಲ್ಲಿಗೆ ಹಾಗೆಯೇ ತಂದರೆ ಇದೊಂದು ಸಂಗತಿ ಅದರಲ್ಲಿ ಇರುವುದಿಲ್ಲ. ಇಲ್ಲಿ ಮೊದಲು ಮಾಡಬೇಕಾದ ಕೆಲಸ ಸೇತುವೆಯ ಮೇಲೆ ಸೇರುವ ಜನರನ್ನು, ಅದರಲ್ಲೂ ಮಕ್ಕಳನ್ನು, ಹಿಂದೆ ಸರಿಸುವುದು.

ಚಳ್ಳಕೆರೆ ಪಟ್ಟಣ ಮಾತ್ರ ಈ ನದಿಯ ದಾರಿಯಲ್ಲಿ ಇಲ್ಲ. ಶೇಂಗಾ ವ್ಯಾಪಾರ, ಎಣ್ಣೆ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಎರಡನೇ ಮುಂಬೈ ಎನ್ನಿಸಿಕೊಂಡ ಊರು. ಕಂಬಳಿಯ ಸಂತೆಯ ಊರು. ಪ್ರವಾಹ ಬಂದರೆ ಇದರ ಬೀದಿ ನೆನೆಯುವುದಿಲ್ಲ, ಆದರೆ ಇದು ಕುಡಿಯುವುದು ವಾಣಿವಿಲಾಸದಿಂದ ಪೈಪಿನಲ್ಲಿ ಬಂದ ನೀರನ್ನೇ. ಕುದಾಪುರದ ಬಳಿಯ ವಿಜ್ಞಾನ ಸಂಸ್ಥೆಗಳಿಗೂ ಅಲ್ಲಿಂದಲೇ. ಅಂದರೆ ಒಂದೇ ಕಟ್ಟೆಗೆ ಎರಡು ಬಗೆಯ ಜನ ಕಟ್ಟುಬಿದ್ದಿದ್ದಾರೆ. ನೀರು ಬಂದರೆ ಅಪಾಯಕ್ಕೆ ಸಿಗುವವರು ದಡದವರು, ನೀರು ನಿಂತರೆ ಅಪಾಯಕ್ಕೆ ಸಿಗುವವರು ಪಟ್ಟಣದವರು. ತುರ್ತು ಯೋಜನೆ ಎಂದೊಡನೆ ನಾವು ಮೊದಲನೆಯವರನ್ನು ನೆನೆಯುತ್ತೇವೆ, ನೆನೆಯಲೇಬೇಕು. ಎರಡನೆಯವರ ಹೆಸರು ಎಲ್ಲೂ ಬರುವುದಿಲ್ಲ.

2011ರ ಜನಗಣತಿಯಂತೆ ಚಳ್ಳಕೆರೆ ಪಟ್ಟಣದಲ್ಲಿ ಸುಮಾರು 55 ಸಾವಿರ ಜನ. ಈಗ ಇನ್ನೂ ಹೆಚ್ಚು. ವಿಪತ್ತಿನ ಕಾಲದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಬೇಕೆಂದು ಪರಿಹಾರ ಕಾರ್ಯದವರು ಜಗತ್ತಿನಾದ್ಯಂತ ಲೆಕ್ಕ ಇಟ್ಟುಕೊಂಡಿದ್ದಾರೆ. ಕುಡಿಯಲು, ಅಡುಗೆಗೆ, ಕೈಕಾಲಿಗೆ ಅಷ್ಟೇ. ಆ ಲೆಕ್ಕದಲ್ಲೇ ದಿನಕ್ಕೆ ಎಂಟು ಲಕ್ಷ ಲೀಟರ್ ದಾಟುತ್ತದೆ. ಆರು ಸಾವಿರ ಲೀಟರಿನ ಟ್ಯಾಂಕರಾದರೆ ಸುಮಾರು 140 ಸಲ ತುಂಬಿ ತರಬೇಕು, ದಿನವೂ. ಎಲ್ಲಿಂದ ತುಂಬುವುದು? ಕೊಳವೆಬಾವಿ ಎಂದು ಯಾರಾದರೂ ಹೇಳುತ್ತಾರೆ. ಚಳ್ಳಕೆರೆ, ಮೊಳಕಾಲ್ಮುರು, ಪಕ್ಕದ ಪಾವಗಡ, ಇಡೀ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಎಷ್ಟೋ ಬಾವಿಗಳು ಇಲ್ಲಿ ಅದನ್ನು ದಾಟಿವೆ. ಕಂದುಗಟ್ಟಿದ ಹಲ್ಲು, ಬಾಗಿದ ಬೆನ್ನು ಇಲ್ಲಿನ ಹಳ್ಳಿಗಳಿಗೆ ಹೊಸದಲ್ಲ. ಹಳ್ಳಿಹಳ್ಳಿಗೂ ಶುದ್ಧ ನೀರಿನ ಘಟಕ ಬಂದಿವೆ, ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುತ್ತಾರೆ. ಕರೆಂಟು ಹೋದರೆ ಆ ಘಟಕವೂ ನಿಂತಿತು. ಅವಸರದಲ್ಲಿ ಸಿಕ್ಕ ನೀರು ಕುಡಿಸಿದರೆ ಏನಾಗುತ್ತದೆಂದು ಈ ಜಿಲ್ಲೆಗೆ ಬೇರೆ ರೀತಿಯಲ್ಲಿ ಗೊತ್ತಿದೆ: 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಬಿಟ್ಟರು.

ಇದೆಲ್ಲ ಬರೀ ಅಂಜಿಕೆಯಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. 33 ಗೇಟುಗಳ ಕಟ್ಟೆ, ಅದರಲ್ಲೂ ಆ ಹೊತ್ತಿಗೆ ತುಂಬಿ ನಿಂತಿದ್ದ ಕಟ್ಟೆ. ಒಂದೇ ಬಾಯಿಯ ಮೇಲೆ ಒತ್ತಡ ಬೀಳದಿರಲಿ ಎಂದು ಉಳಿದ ಗೇಟುಗಳನ್ನೂ ಎತ್ತಿ ನೀರನ್ನು ನದಿಗೆ ಬಿಡಬೇಕಾಯಿತು. ಗೇಟಿನ ಮುಂದೆ ತಾತ್ಕಾಲಿಕ ತಡೆ ಇಳಿಸುವ ಸ್ಟಾಪ್‌ಲಾಗ್ ವ್ಯವಸ್ಥೆ ಆ ಹಳೆಯ ಕಟ್ಟೆಯಲ್ಲಿ ಇರಲಿಲ್ಲ. ಕಬ್ಬಿಣದ ಹಲಗೆಗಳನ್ನು ಹೊಸದಾಗಿ ತಯಾರಿಸಿ ತಂದು, ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿದರು. ವಾರದೊಳಗೆ ಬಾಯಿ ಮುಚ್ಚಿತು. ಆ ಕೆಲಸಗಾರರ ಧೈರ್ಯಕ್ಕೆ ನಾಡೇ ಕೈಮುಗಿಯಿತು. ಆ ಹೊತ್ತಿಗೆ ಹತ್ತಾರು ಟಿಎಂಸಿ ನೀರು ಹೋಗಿತ್ತು. ಮರುವರ್ಷ ಉಳಿದ ಗೇಟುಗಳ ಮೇಲೂ ಭರವಸೆ ಇಲ್ಲದೆ ಸಂಗ್ರಹವನ್ನೇ 80 ಟಿಎಂಸಿಗೆ ಮಿತಿಗೊಳಿಸಬೇಕಾಯಿತು.

ಗೇಟು ಕೊಚ್ಚಿಹೋದ ಆ ವಾರ ಎಲ್ಲರೂ ಎರಡನೇ ಬೆಳೆಯ ಮಾತಾಡಿದರು, ನದಿಪಾತ್ರದ ಹಳ್ಳಿಗಳ ಮಾತಾಡಿದರು. ಪಾವಗಡ, ಚಳ್ಳಕೆರೆ, ಮೊಳಕಾಲ್ಮುರು, ಕೂಡ್ಲಿಗಿ ತಾಲ್ಲೂಕುಗಳ ನೂರಾರು ಹಳ್ಳಿಗಳಿಗೆ ಅದೇ ತುಂಗಭದ್ರೆಯ ಹಿನ್ನೀರಿನಿಂದ ಕುಡಿಯುವ ನೀರು ತರಲು ಬಹುಗ್ರಾಮ ಯೋಜನೆ ಕಟ್ಟುತ್ತಿದ್ದ ಸಂಗತಿ ಆ ಮಾತಿನಲ್ಲಿ ಬರಲಿಲ್ಲ. ಫ್ಲೋರೈಡಿನಿಂದ ಬಿಡುಗಡೆ ಎಂದರೆ ಈ ಜನಕ್ಕೆ ಆ ಪೈಪೇ. ಅದು ಬಂದದ್ದು ದೊಡ್ಡ ಪುಣ್ಯದ ಕೆಲಸ ಎಂದು ನಾನು ಮನಸಾರೆ ನಂಬುತ್ತೇನೆ. ಆದರೆ ದೂರದ ಕಟ್ಟೆಯೊಂದರ ಒಂದು ಚೈನಿನ ಕೊಂಡಿಗೂ ಮೊಳಕಾಲ್ಮುರಿನ ಹಳ್ಳಿಯ ನಲ್ಲಿಗೂ ಈಗ ನಂಟು ಬೆಳೆದಿದೆ. ಹಳೆಯ ಬಾವಿ, ಕೆರೆ, ಕಲ್ಯಾಣಿಗಳನ್ನು ಪೈಪು ಬಂತೆಂದು ಮುಚ್ಚಿಬಿಡುವ ಊರು ಆ ನಂಟಿನ ಇನ್ನೊಂದು ತುದಿಯನ್ನು ಮರೆತಿರುತ್ತದೆ.

ಅಣೆಕಟ್ಟು ಸುರಕ್ಷತಾ ಕಾಯಿದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಎಲ್ಲ ಕಟ್ಟೆಗಳೂ, 10ರಿಂದ 15 ಮೀಟರಿನವುಗಳಲ್ಲಿ ಕೆಲವೂ ಅದರ ವ್ಯಾಪ್ತಿಗೆ ಬರುತ್ತವೆ. ಹಳೆಯ ಕಟ್ಟೆಗಳಿಗೆ ಐದು ವರ್ಷದೊಳಗೆ ತುರ್ತು ಕಾರ್ಯಯೋಜನೆ ಸಿದ್ಧವಾಗಬೇಕು. ಯಾವ ಬಗೆಯ ಅಪಾಯ ಬರಬಹುದು, ನೀರು ನುಗ್ಗಿದರೆ ಎಲ್ಲೆಲ್ಲಿ ಮುಳುಗುತ್ತದೆ ಎಂಬ ನಕ್ಷೆ, ಯಾರು ಯಾರಿಗೆ ಯಾವ ಕ್ರಮದಲ್ಲಿ ತಿಳಿಸಬೇಕು ಎಂಬ ವಿವರ ಎಲ್ಲವೂ ಅದರಲ್ಲಿ ಇರಬೇಕು. ಕೇಂದ್ರ ಜಲ ಆಯೋಗದ ಮಾರ್ಗಸೂಚಿ ನೀಲಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆಯ ಮೆಟ್ಟಿಲು ಹಾಕಿಕೊಟ್ಟಿದೆ. ಒಳ್ಳೆಯ ಕಾಯಿದೆ, ತಡವಾಗಿಯಾದರೂ ಬಂತು. ನನ್ನ ಕೊರಗು ಎರಡು. ಯೋಜನೆ ಮಾಡುವಾಗ ಸಮಾಲೋಚಿಸಬೇಕಾದವರು ವಿಪತ್ತು ನಿರ್ವಹಣೆಯ ಸಂಸ್ಥೆಗಳು, ಇಲಾಖೆಗಳು, ಪಕ್ಕದ ಕಟ್ಟೆಗಳ ಮಾಲೀಕರು. ದಡದ ಹಳ್ಳಿಯ ಜನರನ್ನು ಕೂರಿಸಿ ಕೇಳಬೇಕೆಂಬ ಮಾತು ಆ ಸಾಲಿನಲ್ಲಿಲ್ಲ. ಇನ್ನೊಂದು, ಕಾಯಿದೆಯ ಕಣ್ಣೆಲ್ಲ ನುಗ್ಗಿಬರುವ ನೀರಿನ ಮೇಲೆ. ಕಟ್ಟೆ ಬರಿದಾದ ಮರುದಿನ ನಲ್ಲಿಯ ಮುಂದೆ ನಿಂತ ಕೊಡದ ಬಗ್ಗೆ ಅದು ಬಿಡಿಸಿ ಹೇಳುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರಿನಂಥ ತಾಲ್ಲೂಕಿನ ಯೋಜನೆಯಲ್ಲಿ ಆ ಪುಟ ಮೊದಲು ಬರಬೇಕು.

ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಹೋದದ್ದು ತಿಪ್ಪೇರುದ್ರಸ್ವಾಮಿಯ ಗುಡಿಗಾಗಿ, ಅದಕ್ಕಿಂತ ಹೆಚ್ಚಾಗಿ ಅವರ ಕೆರೆಗಳಿಗಾಗಿ. ಬರದ ನಾಡಿನಲ್ಲಿ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದ ಸಂತ ಅವರು. ತೇರಿಗೆ ಲಕ್ಷಾಂತರ ಜನ ಸೇರುವ ಊರಿನಲ್ಲಿ ದೇವರ ಮಹಿಮೆ ಎಂದರೆ ಕೆರೆ ಕಟ್ಟಿದ ಕಥೆಯೇ. ಏರಿಯ ಮೇಲೆ ನಡೆಯುವಾಗ ಹಿಂದೆ ನೀರುಗಂಟಿಯಾಗಿದ್ದವರ ಮನೆತನದ ಒಬ್ಬರು ಜೊತೆಯಾದರು. ಹೆಗ್ಗಣದ ಬಿಲ, ಏಡಿಯ ತೂತು, ಏರಿಗೆ ಬೇರು ಬಿಟ್ಟ ಮರ, ಎಲ್ಲ ತೋರಿಸುತ್ತ ಬಂದರು. ಏರಿಯ ಬುಡದಲ್ಲಿ ತುಸು ಒಸರಿತ್ತು. "ತಿಳಿನೀರು ಒಸರಿದ್ರೆ ಅಂಜಬ್ಯಾಡ್ರಿ ಸಾ, ಏರಿ ಉಸಿರಾಡ್ತೈತೆ ಅಂತ. ಕೆಂಪು ನೀರು ಬಂತು ಅಂದ್ರೆ ಒಳಗಿನ ಮಣ್ಣು ಕೊಚ್ಚಾಕ್ ಹತ್ತೈತೆ. ಆಗ ಗೌಡ್ರು ಮನೆಗೆ ಓಡಬೇಕು, ರಾತ್ರಿ ಅನ್ನಂಗಿಲ್ಲ."

ಮಣ್ಣಿನ ಕಟ್ಟೆ ಒಳಗಿನಿಂದ ಹೇಗೆ ಕುಸಿಯುತ್ತದೆಂದು ಎಂಜಿನಿಯರಿಂಗ್ ಪುಸ್ತಕ ಹೇಳುವುದೂ ಇದನ್ನೇ. ಏನು ನೋಡಬೇಕು, ಕಂಡರೆ ಯಾರಿಗೆ ಹೇಳಬೇಕು, ಎಷ್ಟು ಹೊತ್ತಿನೊಳಗೆ ಹೇಳಬೇಕು: ತುರ್ತು ಯೋಜನೆಯ ತಿರುಳು ಆ ಮಾತಿನಲ್ಲಿ ಪೂರ್ತಿಯಾಗಿತ್ತು. ಆ ಮನೆತನಗಳಿಗೆ ಮಾನ್ಯದ ಹೊಲವಿತ್ತು, ಕಣದಲ್ಲಿ ಕಾಳಿನ ಪಾಲಿತ್ತು. ಈಗ ಕೆಲಸವೂ ಇಲ್ಲ, ಪಾಲೂ ಇಲ್ಲ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಸೆನ್ಸರುಗಳು ಬರಲಿ, ಸೈರನ್ ಬರಲಿ. ಏರಿಯ ಮೇಲೆ ದಿನಾ ನಡೆಯುವ ಒಬ್ಬ ಮನುಷ್ಯನಿಗೆ ಸಂಬಳ ಕೊಡುವುದನ್ನು ಮಾತ್ರ ಯಾವ ಸರ್ಕಾರವೂ ದುಂದು ಎಂದು ಭಾವಿಸಬಾರದು.

ತಳಕು, ಬಿ.ಜಿ. ಕೆರೆ ದಾಟಿ ಮೊಳಕಾಲ್ಮುರು ಮುಟ್ಟುವಷ್ಟರಲ್ಲಿ ಗುಡ್ಡಗಳು ಬಂಡೆಯ ರಾಶಿಗಳಾಗಿ ಏಳುತ್ತವೆ. ರೇಷ್ಮೆ ಸೀರೆಯ ಊರು. ಸಂದಿಯಲ್ಲಿ ಹೋದರೆ ಮಗ್ಗದ ಸದ್ದು. ರೇಷ್ಮೆ ಕುದಿಸಲು, ಬಣ್ಣ ಹಾಕಲು ನೀರು ಬೇಕು, ನೀರಿಲ್ಲದ ದಿನ ಮಗ್ಗವೂ ತಡೆಯುತ್ತದೆ. ಈ ಪಟ್ಟಣದ ಕುಡಿಯುವ ನೀರಿನ ಆಸರೆ ರಂಗಯ್ಯನದುರ್ಗ ಜಲಾಶಯ. ಮಾರಿಕಣಿವೆಯ ಮುಂದೆ ಅದು ಮಗು. ಚಿಕ್ಕದಿರಲಿ ದೊಡ್ಡದಿರಲಿ, ಮಣ್ಣಿನ ಕಟ್ಟೆಗೆ ಒಂದೇ ನಿಯಮ, ಏರಿಯ ನೆತ್ತಿಯ ಮೇಲೆ ನೀರು ಹರಿಯಕೂಡದು. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು ಕಟ್ಟೆಯಲ್ಲಿ ಆದದ್ದು ಅದೇ. ಲೆಕ್ಕ ಹಾಕಿದ್ದಕ್ಕಿಂತ ಬಹಳ ಹೆಚ್ಚು ನೀರು ಬಂದು ಏರಿಯ ಮೇಲೆ ಹರಿಯಿತು, ಎರಡೂ ಬದಿಯ ಮಣ್ಣು ಕೊಚ್ಚಿತು, ಕೆಳಗಿನ ಮೋರ್ಬಿ ಪಟ್ಟಣದಲ್ಲಿ ಸಾವಿರಾರು ಜನ ಸತ್ತರು. ಮಳೆಗೆ ಸಂಪರ್ಕ ಕಡಿದುಹೋಗಿತ್ತು. ಕಟ್ಟೆಯ ಸುದ್ದಿಗಿಂತ ಮುಂಚೆ ನೀರು ಊರು ತಲುಪಿತು.

ಮೋರ್ಬಿಯ ನೆನಪಿನ ಬೆನ್ನಿಗೇ ಸೌರಾಷ್ಟ್ರದ ಇನ್ನೊಂದು ಕಟ್ಟೆ ನೆನಪಾಗಲು ಮೊಳಕಾಲ್ಮುರಿನಷ್ಟು ಸರಿಯಾದ ಜಾಗ ಬೇರೊಂದಿಲ್ಲ. ಇಲ್ಲಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಮೂರರಲ್ಲೂ ಅಶೋಕನ ಶಾಸನಗಳಿವೆ, ಬಿ.ಎಲ್. ರೈಸ್ ಅವನ್ನು 1892ರಲ್ಲಿ ಲೋಕಕ್ಕೆ ತಿಳಿಸಿದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಆಜ್ಞೆ, ಯಾರಿಂದ ಯಾರಿಗೆ ಎಂಬ ಕ್ರಮಸಮೇತ ಬಂಡೆಯ ಮೇಲಿದೆ. ಆಂಧ್ರದ ಎರ್ರಗುಡಿಯ ಶಾಸನದಲ್ಲಿ ಆಜ್ಞೆಯನ್ನು ಭೇರಿ ಬಾರಿಸಿ ಜನಕ್ಕೆ ಸಾರಬೇಕೆಂಬ ಮಾತೂ ಇದೆ. ಅದೇ ಅಶೋಕನ ಶಾಸನವಿರುವ ಗಿರ್ನಾರಿನ ಬಂಡೆಯ ಮೇಲೆ, ಕ್ರಿ.ಶ. 150ರ ಸುಮಾರಿಗೆ, ರುದ್ರದಾಮನೆಂಬ ದೊರೆ ಒಂದು ಕಟ್ಟೆ ಒಡೆದ ಕಥೆ ಕೆತ್ತಿಸಿದ್ದಾನೆ. ಚಂದ್ರಗುಪ್ತ ಮೌರ್ಯನ ಕಾಲದಲ್ಲಿ ಕಟ್ಟಿದ, ಅಶೋಕನ ಕಾಲದಲ್ಲಿ ಕಾಲುವೆ ತೋಡಿದ ಸುದರ್ಶನ ಸರೋವರ ಬಿರುಮಳೆಗೆ ಒಡೆಯಿತು. ಒಡೆದ ಬಾಯಿ 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳ. ಮಂತ್ರಿಗಳು ಇದು ಆಗದ ಕೆಲಸವೆಂದರು, ಜನ ಗೋಳಾಡಿದರು, ಜನರ ಮೇಲೆ ತೆರಿಗೆ ಹಾಕದೆ ಬೊಕ್ಕಸದ ಹಣದಿಂದಲೇ ಸರಿಮಾಡಿಸಲಾಯಿತು. ಒಡೆದದ್ದನ್ನು ಮುಚ್ಚಿಡದೆ ಅಳತೆಸಮೇತ ಕಲ್ಲಿನ ಮೇಲೆ ಬರೆಸಿದ ಆ ಮನಸ್ಸು ನನಗೆ ಬಹಳ ದೊಡ್ಡದೆನಿಸುತ್ತದೆ. ಮುಂದೆ ಸ್ಕಂದಗುಪ್ತನ ಕಾಲದಲ್ಲಿ ಅದು ಮತ್ತೆ ಒಡೆಯಿತು, ಅದನ್ನೂ ಅದೇ ಬಂಡೆಯ ಮೇಲೆ ಬರೆದರು.

ಸಿದ್ದಾಪುರದಿಂದ ಇಳಿಯುವಾಗ ಪರಶುರಾಂಪುರದ ದಡ ತಲೆಯಲ್ಲಿತ್ತು. 2022ರ ಸೆಪ್ಟೆಂಬರಿನಲ್ಲಿ ನೀರು ಎಲ್ಲಿಯವರೆಗೆ ಬಂತೆಂಬುದು ಅಲ್ಲಿನ ಪ್ರತಿ ಮನೆಗೂ ಗೊತ್ತು, ಯಾವ ಗೋಡೆಯ ಮೇಲೂ ನನ್ನ ಕಣ್ಣಿಗೆ ಗುರುತು ಬೀಳಲಿಲ್ಲ. ನೋಡಿದವರು ಇರುವಾಗಲೇ ಶಾಲೆಯ ಗೋಡೆಗೆ, ಸೇತುವೆಯ ಕಂಬಕ್ಕೆ, ಗುಡಿಯ ಮೆಟ್ಟಿಲಿಗೆ ತಾರೀಕು ಬರೆದು ಗೆರೆ ಎಳೆಸಬೇಕು. ಒಂದು ಡಬ್ಬಿ ಬಣ್ಣ ಸಾಕು, ಯಾವ ಇಲಾಖೆಯ ಮಂಜೂರಾತಿಯೂ ಬೇಡ. ಕಾಯಿದೆ ಕೊಟ್ಟ ಐದು ವರ್ಷ 2026ರ ಡಿಸೆಂಬರಿಗೆ ಮುಗಿಯುತ್ತದೆ. ಯೋಜನೆಯ ಪ್ರತಿ ಕನ್ನಡದಲ್ಲಿ ನಮ್ಮ ಪಂಚಾಯಿತಿಗೆ ಬಂದಿದೆಯೇ, ಅದರಲ್ಲಿ ಮೊದಲ ಫೋನು ಯಾರಿಗೆ ಎಂದು ಪರಶುರಾಂಪುರದ ಗ್ರಾಮಸಭೆ ಕೇಳಬಹುದು. ಪೈಪಿನ ನೀರು ಹದಿನೈದು ದಿನ ನಿಂತರೆ ಫ್ಲೋರೈಡಿಲ್ಲದ ಯಾವ ಬಾವಿಯಿಂದ ನಮಗೆ ನೀರು ಕೊಡುತ್ತೀರಿ, ಆ ಬಾವಿಯನ್ನು ಕಳೆದ ಸಲ ಪರೀಕ್ಷೆ ಮಾಡಿದ್ದು ಯಾವಾಗ ಎಂದು ಚಳ್ಳಕೆರೆಯ ನಗರಸಭೆಯನ್ನೂ ಮೊಳಕಾಲ್ಮುರಿನ ಪಟ್ಟಣ ಪಂಚಾಯಿತಿಯನ್ನೂ ಅಲ್ಲಿನ ಜನ ಈ ಬೇಸಿಗೆಯಲ್ಲೇ ಕೇಳಬೇಕು.